ಪುಸ್ತಕದಲ್ಲಿಲ್ಲದ ಜಗಳ

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಾನು ದಕ್ಷಿಣ ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದೆ. ಅಮೆಜಾನ್ ಕಾಡಿನೊಳಗೆ ಒಂದು ಉಪನದಿಯ ದಂಡೆಯಲ್ಲಿರುವ ಹಳ್ಳಿಯ ಜನ ಸಿಟ್ಟು ಬಂದಾಗ ಏನು ಮಾಡುತ್ತಾರೆ ಎಂಬುದು ನನ್ನ ವಿಷಯ. ನಾನಿದ್ದ ಮಾಲ್ಮೋ ಪಟ್ಟಣದ ಕನ್ನಡದವರು ಯುಗಾದಿ ಊಟಕ್ಕೆ ಸೇರಿದಾಗ ಇದನ್ನು ಕೇಳಿ ನಗುತ್ತಿದ್ದರು. ದಾವಣಗೆರೆಯವಳು ಸ್ವೀಡನ್ನಿಗೆ ಬಂದು ಬ್ರೆಜಿಲ್ಲಿನವರನ್ನು ಯಾಕೆ ಓದಬೇಕು ಎಂಬುದು ಅವರ ಪ್ರಶ್ನೆ. ವಿಭಾಗದಲ್ಲೂ ಅದೇ ಪ್ರಶ್ನೆ, ಸ್ವಲ್ಪ ಮೆತ್ತಗೆ: ನಿಮ್ಮ ದೇಶದಲ್ಲೇ ಎಷ್ಟೊಂದು ಬುಡಕಟ್ಟುಗಳಿವೆಯಲ್ಲ? ಸ್ವೀಡನ್ನಿನವರು ಬಿಹಾರಕ್ಕೂ ಹೋಗಬಹುದು, ಆಫ್ರಿಕಕ್ಕೂ ಹೋಗಬಹುದು, ಅದನ್ನು ಯಾರೂ ಕೇಳುವುದಿಲ್ಲ. ನಾನು ಮಾತ್ರ ನಮ್ಮವರನ್ನೇ ಓದಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು.

ನನ್ನ ನಿಜವಾದ ಉತ್ತರ ಬೇರೆ ಇತ್ತು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ನನ್ನ ತಂದೆ ಸಿಟ್ಟು ಬಂದರೆ ಊಟದ ತಟ್ಟೆ ಎಸೆಯುತ್ತಿದ್ದರು. ಅವರ ಸ್ಕೂಟರಿನ ಸದ್ದು ಕೇಳಿದರೆ ಅವ್ವ ಸಾರಿನ ರುಚಿಯನ್ನು ಇನ್ನೊಮ್ಮೆ ನೋಡುತ್ತಿದ್ದಳು. ಮೈಸೂರಿನಲ್ಲಿ ಎಂ.ಎ. ಓದುವಾಗ ಲೈಬ್ರರಿಯಲ್ಲಿ ಒಂದು ಪುಸ್ತಕ ಸಿಕ್ಕಿತು. ಸಿಟ್ಟಿಗೆ ಭಾಷೆಯಲ್ಲಿ ಪದವೇ ಇಲ್ಲದ, ಒಬ್ಬರ ಮೇಲೊಬ್ಬರು ಕೈ ಎತ್ತದ ಜನರ ಬಗ್ಗೆ ಒಬ್ಬ ಸ್ವೀಡಿಷ್ ಹೆಂಗಸು ಬರೆದ ಪುಸ್ತಕ. ಅದನ್ನು ನಾನು ಮೂರು ಸಲ ಓದಿದೆ. ಅಂಥ ಮನೆಗಳು ಭೂಮಿಯ ಮೇಲೆ ಎಲ್ಲೋ ಇವೆಯಲ್ಲ ಎಂಬ ಸಮಾಧಾನಕ್ಕೇ ಓದಿದೆ ಅನ್ನಿಸುತ್ತದೆ. ಕೆಲವು ವರ್ಷಗಳ ನಂತರ ಆಕೆಯೇ ನನ್ನ ಮಾರ್ಗದರ್ಶಕಿಯಾದರು.

ಸ್ವೀಡನ್ನಿನಲ್ಲಿ ಪ್ರೊಫೆಸರನ್ನೂ ಹೆಸರು ಹಿಡಿದೇ ಕರೆಯುವುದು. ನನಗೆ ಎರಡು ವರ್ಷ ನಾಲಿಗೆ ಹೊರಳಲಿಲ್ಲ. ಮನೆಯಲ್ಲಿ ಗಂಡನೊಡನೆ ಮಾತಾಡುವಾಗ ಅವರು ಕೊನೆಯವರೆಗೂ 'ಮೇಡಂ' ಆಗಿಯೇ ಉಳಿದರು. ಅರವತ್ತು ದಾಟಿದ ಎತ್ತರದ ಹೆಂಗಸು. ಬೆಳ್ಳಗಿನ ಗಿಡ್ಡ ಕೂದಲು. ಚಳಿಗಾಲದಲ್ಲೂ ಸೈಕಲ್ಲಿನಲ್ಲೇ ಬರುತ್ತಿದ್ದರು. ದಿನಾ ಹತ್ತು ಗಂಟೆಗೆ ಎಲ್ಲರೂ ಕೂಡಿ ಕಾಫಿ ಕುಡಿಯುವ ಫೀಕಾ ಹೊತ್ತಿನಲ್ಲಿ ನನ್ನ ಪಕ್ಕ ಕೂತು ನನ್ನ ಪೋರ್ಚುಗೀಸ್ ತಿದ್ದುತ್ತಿದ್ದರು. ಹಳ್ಳಿಯವರಿಗೆ ನನ್ನ ವಿಷಯ ಮೊದಲೇ ಹೇಳಿ ಕಳಿಸಿದವರೂ ಅವರೇ. ಅವರ ಹೆಸರು ಹೇಳಿದ್ದಕ್ಕೇ ಅಲ್ಲಿ ಮಲಗಲು ನನಗೊಂದು ಜೋಲಿ ಕಟ್ಟುವ ಜಾಗ ಸಿಕ್ಕಿತು.

ನನ್ನನ್ನು ಇಟ್ಟುಕೊಂಡವಳು ಐವತ್ತರ ಆಸುಪಾಸಿನ ಒಬ್ಬ ವಿಧವೆ. ಅವಳ ಗಂಡ ಊರಿನ ಮುಖ್ಯಸ್ಥನಾಗಿದ್ದವನು, ತೀರಿಕೊಂಡು ನಾಲ್ಕೈದು ವರ್ಷವಾಗಿತ್ತು. ಅವನ ತಮ್ಮ, ಅಂದರೆ ಅವಳ ಮೈದುನ, ಪಕ್ಕದ ಮನೆಯಲ್ಲಿದ್ದ. ಮರಗೆಣಸನ್ನು ತುರಿಯುವುದು, ಹಿಂಡುವುದು, ದೊಡ್ಡ ಹೆಂಚಿನ ಮೇಲೆ ಹುರಿಯುವುದು, ಇವೆಲ್ಲ ನಾನು ಕಲಿತದ್ದು ಆ ವಿಧವೆಯಿಂದ. ಹುಟ್ಟಿನಿಂದ ಮಾಂಸ ಮುಟ್ಟದ ನಾನು ಮೊದಲ ವಾರವೇ ಮೀನು ತಿಂದೆ. ಅವಳು ಮುಳ್ಳು ತೆಗೆದು ಕೊಡುವಾಗ ಬೇಡ ಎನ್ನುವುದು ನನ್ನಿಂದಾಗಲಿಲ್ಲ.

ಮೊದಲ ಸಲ ಎಂಟು ತಿಂಗಳು ಇದ್ದೆ. ಪುಸ್ತಕದಲ್ಲಿ ಓದಿದ್ದೇ ಕಣ್ಣೆದುರು ಕಂಡಿತು. ಯಾರೂ ಕೂಗಾಡುತ್ತಿರಲಿಲ್ಲ. ಮಕ್ಕಳನ್ನು ಯಾರೂ ಹೊಡೆಯುತ್ತಿರಲಿಲ್ಲ. ಯಾರಿಗಾದರೂ ಬೇಸರವಾದರೆ ದೋಣಿ ತೆಗೆದುಕೊಂಡು ನಾಲ್ಕು ದಿನ ಮೀನಿಗೆ ಹೋಗಿಬಿಡುತ್ತಿದ್ದರು. ನನ್ನ ಟಿಪ್ಪಣಿಗಳನ್ನು ಓದಿ ಮೇಡಂ ಸಂತೋಷಪಟ್ಟರು.

ಎರಡನೆಯ ಸಲ ಹೋದಾಗ ನನಗೆ ಅವರ ಭಾಷೆ ಸುಮಾರಾಗಿ ಬರುತ್ತಿತ್ತು. ಒಂದು ಬೆಳಿಗ್ಗೆ ತೋಟದಲ್ಲಿ ಗೆಣಸು ಕೀಳುವಾಗ ಆ ವಿಧವೆ ಮೈದುನನ ವಿಷಯ ತೆಗೆದು ಒಂದು ಮಾತು ಆಡಿದಳು. ಗಂಟಲಲ್ಲೇ ಹುಟ್ಟಿ ಅಲ್ಲೇ ನಿಲ್ಲುವಂಥ ಚಿಕ್ಕ ಪದ. ಅದನ್ನು ನಾನು ಕೇಳಿರಲಿಲ್ಲ, ಮೇಡಂ ಮಾಡಿದ್ದ ಪದಕೋಶದಲ್ಲೂ ಅದು ಇರಲಿಲ್ಲ. ಅರ್ಥವೇನು ಎಂದು ಕೇಳಿದೆ. ಅವಳು ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಕಣ್ಣು ಕೆಂಪಗೆ ಮಾಡಿ ತೋರಿಸಿದಳು. ನನ್ನ ತಂದೆಯನ್ನೇ ನೋಡಿದಂತಾಯಿತು. ಈ ಪದ ನಿಮ್ಮಲ್ಲಿ ಇಲ್ಲ ಅಂತ ಓದಿದ್ದೆನಲ್ಲ ಎಂದೆ.

"ನಿನ್ನ ಟೀಚರಿಗೆ ಗೊತ್ತು," ಎಂದಳು. "ಅವತ್ತು ಅವಳು ಇಲ್ಲೇ ಇದ್ದಳು. ನನ್ನ ಮೈದುನನ ತಲೆಯ ರಕ್ತ ತೊಳೆದವಳೇ ಅವಳು."

ಬಿಡಿಬಿಡಿಯಾಗಿ ಎರಡು ಮೂರು ದಿನ ಅವಳು ಹೇಳಿದ್ದನ್ನು ಕೂಡಿಸಿಕೊಂಡೆ. ಮೇಡಂ ಆಗಿನ್ನೂ ಮೂವತ್ತರ ಒಳಗಿನವರು. ಈ ಹೆಂಗಸಿನ ಗಂಡ ಊರಲ್ಲಿ ಇಲ್ಲದಾಗ ತಮ್ಮನು ಅಣ್ಣನ ಬೇಟೆನಾಯಿಯನ್ನು ದೋಣಿಯಲ್ಲಿ ಬರುವ ವ್ಯಾಪಾರಿಗೆ ಕೊಟ್ಟುಬಿಟ್ಟಿದ್ದ. ಅಣ್ಣ ಬಂದು ಕೇಳಿದ, ತಮ್ಮ ನಕ್ಕ, ಅಣ್ಣ ದೋಣಿಯ ಹುಟ್ಟು ತೆಗೆದುಕೊಂಡು ತಲೆಗೆ ಹೊಡೆದ. ತಮ್ಮ ಬದುಕುವುದೇ ಅನುಮಾನವಾಗಿತ್ತು. ಮೇಡಂ ಅವನ ಪಕ್ಕ ಕೂತು ಗಾಯಕ್ಕೆ ಔಷಧ ಹಾಕಿದರು, ಎಲ್ಲವನ್ನೂ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮೈದುನ ಟೋಪಿ ತೆಗೆದು ಆ ಗಾಯದ ಗುರುತನ್ನು ನನಗೂ ತೋರಿಸಿದ. ಕೂದಲಿಲ್ಲದ ಒಂದು ಗೆರೆ, ನನ್ನ ಬೆರಳಿನಷ್ಟು ಉದ್ದ.

ಆ ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಜನ ಜಗಳವಾಡಿದರೆಂದು ನನಗೆ ನೋವಾಗಿರಲಿಲ್ಲ. ಮೂರು ಸಲ ಓದಿದ ಪುಸ್ತಕದ ಒಂದು ವಾಕ್ಯ ಬಾಯಿಪಾಠವಾಗಿತ್ತು: ನಾನಿದ್ದಷ್ಟು ದಿನ ಇಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಅದನ್ನು ಬರೆದವರಿಗೆ ಅದು ಸುಳ್ಳೆಂದು ಬರೆಯುವಾಗಲೇ ಗೊತ್ತಿತ್ತು.

ಮಾಲ್ಮೋಗೆ ವಾಪಸಾದ ಮೇಲೆ ಎರಡು ತಿಂಗಳು ನಾನು ಏನೂ ಹೇಳಲಿಲ್ಲ. ಫೀಕಾದಲ್ಲಿ ಮೇಡಂ ಹಳ್ಳಿಯ ಪ್ರತಿಯೊಬ್ಬರನ್ನೂ ವಿಚಾರಿಸಿದರು. ಮೈದುನ ಹೇಗಿದ್ದಾನೆ ಎಂದು ಕೇಳಿದಾಗ ಅವರ ಮುಖವನ್ನೇ ನೋಡಿದೆ. ಕಪ್ಪಿನ ಹಿಡಿಯನ್ನು ಒರೆಸುತ್ತಾ ಇದ್ದರು.

ನನ್ನ ಗಂಡ ಬೆಂಗಳೂರಿನವನು. ದಿನಾ ಸಮುದ್ರದ ಸೇತುವೆ ದಾಟಿ ಪಕ್ಕದ ದೇಶದ ಕೋಪನ್‌ಹೇಗನ್ನಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಹೋಗಿಬರುತ್ತಿದ್ದ. ಒಂದು ಭಾನುವಾರ ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದ.

"ನೋಡು, ಫಸ್ಟು ನಿನ್ ಡಿಗ್ರಿ ಮುಗೀಲಿ," ಎಂದ. "ಪರ್ಮಿಟ್ಟು, ಫಂಡಿಂಗು, ಎಲ್ಲಾ ಅವ್ರ ಸೈನ್ ಮೇಲೇ ನಿಂತಿದೆ. ಆಮೇಲೆ ಏನ್ ಬೇಕಾದ್ರೂ ಬರ್ಕೋ."

"ಆಮೇಲೆ ಬರೀತೀನಿ ಅಂತಾನೇ ಅವ್ರೂ ಅಂದ್ಕೊಂಡಿದ್ರೇನೋ," ಎಂದೆ.

ಅವನು ಮತ್ತೆ ಲಟ್ಟಣಿಗೆ ಕೈಗೆತ್ತಿಕೊಂಡ. ಆದರೆ ಅವನ ಮಾತಿನಲ್ಲೂ ಸತ್ಯವಿತ್ತು, ಅದರ ಭಯ ನನಗೂ ಇತ್ತು. ಕೊನೆಗೆ ನಾನು ಮಾಡಿದ್ದು ಧೈರ್ಯದ ಕೆಲಸವೇನಲ್ಲ. ಆ ಪದವನ್ನೂ ಆ ಜಗಳವನ್ನೂ ಇಟ್ಟುಕೊಂಡು ಒಂದು ಅಧ್ಯಾಯ ಬರೆದೆ. ಆಗ ಹಳ್ಳಿಯಲ್ಲಿ ಮೇಡಂ ಇದ್ದರೆಂದು ಎಲ್ಲೂ ಹೇಳಲಿಲ್ಲ, ಅವರ ಪುಸ್ತಕದ ಆ ವಾಕ್ಯದ ಸುದ್ದಿಗೆ ಹೋಗಲಿಲ್ಲ. ಪ್ರಿಂಟ್ ತೆಗೆದು, ಅವರು ಕೋಣೆಯಲ್ಲಿ ಇಲ್ಲದ ಹೊತ್ತು ನೋಡಿ, ಮೇಜಿನ ಮೇಲಿಟ್ಟು ಬಂದೆ.

ಅಧ್ಯಾಯದ ಬಗ್ಗೆ ಮೂರು ವಾರ ಅವರಿಂದ ಒಂದು ಮಾತೂ ಬರಲಿಲ್ಲ. ಎದುರಾದಾಗ ನಗುತ್ತಿದ್ದರು, ಹವೆಯ ಬಗ್ಗೆ ಮಾತಾಡುತ್ತಿದ್ದರು. ಅಸಮಾಧಾನವನ್ನು ಬಾಯಿಬಿಟ್ಟು ಹೇಳದೆ ಸುಮ್ಮನಿದ್ದುಬಿಡುವುದು ಸ್ವೀಡನ್ನಿನಲ್ಲಿ ಮರ್ಯಾದೆ. ತಟ್ಟೆ ಎಸೆಯುವ ಮನೆಯಲ್ಲಿ ಬೆಳೆದ ನನಗೆ ಆ ಮೂರು ವಾರ ತಟ್ಟೆಯೇ ಬಂದು ಬೀಳಬಾರದೇ ಅನ್ನಿಸಿಬಿಟ್ಟಿತು. ತಟ್ಟೆಯಾದರೆ ಒಂದು ಸಲ ಬಿದ್ದು ಮುಗಿಯುತ್ತದೆ.

ನಾಲ್ಕನೆಯ ವಾರ ಕೋಣೆಗೆ ಕರೆದರು. ಮೇಜಿನ ಮೇಲೆ ನನ್ನ ಅಧ್ಯಾಯದ ಪಕ್ಕದಲ್ಲಿ ಎಣ್ಣೆಬಟ್ಟೆಯ ರಟ್ಟಿನ ಒಂದು ಹಳೆಯ ನೋಟ್‌ಬುಕ್ ಇತ್ತು. ತೆಗೆದು ನನ್ನ ಕಡೆ ತಿರುಗಿಸಿದರು. ಆ ದಿನದ ಪುಟ. ಅಕ್ಷರಗಳು ಕಂದಿದ್ದವು, ಆದರೆ ಆ ಚಿಕ್ಕ ಪದ ಸ್ಪಷ್ಟವಾಗಿತ್ತು, ಕೆಳಗೆ ಎರಡು ಗೆರೆ ಎಳೆದಿತ್ತು.

ಅವರು ಹೇಳಿದ್ದು ಹೀಗೆ. ಆ ವರ್ಷಗಳಲ್ಲಿ ಕಾಡಿನೊಳಗೆ ರಸ್ತೆ ತರುವ ಮಾತು ನಡೆದಿತ್ತು. ಈ ಜನ ಒಬ್ಬರನ್ನೊಬ್ಬರು ಕೊಲ್ಲುವ ಕಾಡುಮನುಷ್ಯರು, ಇವರಿಗೆ ಇಷ್ಟು ಭೂಮಿ ಯಾಕೆ ಎಂದು ಪೇಟೆಯ ಪತ್ರಿಕೆಗಳು ಬರೆಯುತ್ತಿದ್ದವು. ಹಳ್ಳಿಯ ಗಡಿ ಗುರುತು ಮಾಡಿಕೊಡಿ ಎಂದು ರಾಜಧಾನಿಗೆ ಹೋಗಿ ಕೇಳುತ್ತಿದ್ದವನು ಆ ಅಣ್ಣನೇ. ಅವನು ತಮ್ಮನ ತಲೆ ಒಡೆದದ್ದು ಅಚ್ಚಾಗಿ ಬಂದಿದ್ದರೆ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

"ಆಗ ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಲಿಲ್ಲ," ಎಂದರು. "ಗಡಿ ಸಿಕ್ಕಿದ ಮೇಲೆ ತಿದ್ದಬಹುದಿತ್ತು. ಅಷ್ಟು ಹೊತ್ತಿಗೆ ಆ ಪುಸ್ತಕದಿಂದ ನನಗೆ ಈ ಕುರ್ಚಿ ಸಿಕ್ಕಿತ್ತು."

ನನ್ನ ಅಧ್ಯಾಯದಲ್ಲಿ ಏನು ಬದಲಾಯಿಸಲಿ ಎಂದು ಕೇಳಿದೆ. ಅದನ್ನು ತಾನು ಹೇಳುವಂತಿಲ್ಲ, ಅಲ್ಲಿಯವರನ್ನು ಕೇಳಿಕೊಂಡು ಬಾ ಎಂದರು. ನನ್ನ ಮೂರನೆಯ ಪ್ರಯಾಣಕ್ಕೆ ಬೇಕಾದ ಅರ್ಜಿಯನ್ನು ಅವರೇ ಕೂತು ತುಂಬಿದರು.

ಹಳ್ಳಿಯಲ್ಲಿ ಆ ವಿಧವೆಯನ್ನೂ ಮೈದುನನನ್ನೂ ಒಟ್ಟಿಗೆ ಕೂರಿಸಿ ಕೇಳಿದೆ. ಬರೆಯಲೇ, ಬೇಡವೇ? ವಿಧವೆ ಗೆಣಸನ್ನು ಎಳೆದುಕೊಂಡು ತುರಿಯತೊಡಗಿದಳು. ಸತ್ತ ಗಂಡನ ಮಾತು, ಅವಳಿಗೆ ಸುಲಭವಿರಲಿಲ್ಲ. ಮೈದುನ ಮಾತ್ರ ತಡಮಾಡದೆ ಬರೆ ಎಂದ. ಆ ಪುಸ್ತಕ ಓದಿಕೊಂಡು ದೂರದೂರದಿಂದ ಜನ ತಮ್ಮಲ್ಲಿಗೆ ಬರುತ್ತಾರೆ ಎಂದ. ಹಿಂದಿನ ವರ್ಷ ಒಂದು ಸಂಸ್ಥೆಯವರು ಶಾಲೆ ಕಟ್ಟಿಸಲು ಬಂದಿದ್ದರಂತೆ. ಶಾಲೆಯನ್ನು ತಮಗೆ ಬೇಡವಾದ ಜಾಗದಲ್ಲಿ ಕಟ್ಟಲು ಹೊರಟಾಗ ಸಭೆಯಲ್ಲಿ ಇವನು ಎದ್ದು ಕೂಗಾಡಿದನಂತೆ. ಬಂದವರ ಮುಖ ಇಳಿದುಹೋಯಿತು, ಈ ಜನ ಕೆಟ್ಟುಹೋಗಿದ್ದಾರೆ ಎಂದುಕೊಂಡು ದೋಣಿ ಹತ್ತಿದರು, ಆಮೇಲೆ ಬರಲಿಲ್ಲ.

"ನಮಗೆ ಸಿಟ್ಟು ಬಂದರೆ ನಾವು ನಾವಲ್ಲ ಅಂದುಕೊಳ್ಳುತ್ತಾರೆ," ಎಂದ. "ನಾಯಿ, ಹುಟ್ಟು, ಎಲ್ಲಾ ಬರೆ. ಆದರೆ ಅಲ್ಲಿಗೇ ನಿಲ್ಲಿಸಬೇಡ. ಆಮೇಲೆ ಅಣ್ಣ ಎರಡು ಮಳೆಗಾಲ ನನ್ನ ಬಾಗಿಲಲ್ಲಿ ಮೀನು ಇಟ್ಟು ಹೋದ. ಒಂದು ದಿನ ನಾನು ತೆಗೆದುಕೊಂಡೆ. ಅದನ್ನೂ ಬರೆ."

ಆಗ ವಿಧವೆ ಬಾಯಿಬಿಟ್ಟಳು. ಆ ಮೀನು ತೊಳೆದು ಎಲೆಯಲ್ಲಿ ಸುತ್ತಿ ಕೊಡುತ್ತಿದ್ದದ್ದು ತಾನು ಎಂದಳು. ನನಗೆ ಅವಳ ಒಪ್ಪಿಗೆಯೂ ಸಿಕ್ಕಿತು.

ನನ್ನ ಪ್ರಬಂಧದ ಬೆನ್ನೆಲುಬು ಕೊನೆಗೆ ಆ ಎರಡು ಮಳೆಗಾಲವೇ ಆಯಿತು. ಸಿಟ್ಟು ಇಲ್ಲದ ಜನರನ್ನು ಹುಡುಕಿಕೊಂಡು ಹೋದವಳು ಸಿಟ್ಟಾದ ಮೇಲೆ ಹತ್ತಿರ ಬರುವ ದಾರಿಯ ಬಗ್ಗೆ ಬರೆದೆ. ನಮ್ಮ ಮನೆಯಲ್ಲಿ ನಾನು ಕಾಣದೆ ಇದ್ದದ್ದು ಅದು. ತಟ್ಟೆ ಬಿದ್ದ ಮಾರನೆಯ ದಿನ ಯಾರೂ ಏನೂ ಆಗಲಿಲ್ಲವೆಂಬಂತೆ ಇರುತ್ತಿದ್ದರು, ಅಷ್ಟೆ.

ಅಲ್ಲಿಯ ಪದ್ಧತಿಯಂತೆ ಪ್ರಬಂಧದ ಒಂದು ಪ್ರತಿಗೆ ತೂತು ಕೊರೆದು ವಿಭಾಗದ ಹಲಗೆಗೆ ಮೊಳೆ ಹೊಡೆದು ತೂಗುಹಾಕಿದೆ. ಯಾರು ಬೇಕಾದರೂ ಓದಿ, ಮೂರು ವಾರದ ನಂತರ ನಡೆಯುವ ಬಹಿರಂಗ ಪರೀಕ್ಷೆಗೆ ಬಂದು ಪ್ರಶ್ನೆ ಕೇಳಬಹುದು. ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕ ನೇರವಾಗಿ ಅಲ್ಲಿಗೇ ಕೈಹಾಕಿದ. ಇದೇ ಹಳ್ಳಿಯ ಬಗ್ಗೆ ಎಲ್ಲರೂ ಓದಿರುವ ಪುಸ್ತಕ ಬೇರೆಯೇ ಹೇಳುತ್ತದೆ, ಯಾವುದನ್ನು ನಂಬಬೇಕು ಎಂದು ಕೇಳಿದ. ನನಗೆ ಹೇಳಿದವರ ಮಾತನ್ನು ನಾನು ನಂಬುತ್ತೇನೆ, ಗಾಯದ ಗುರುತನ್ನೂ ನೋಡಿದ್ದೇನೆ ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

ಸಭಿಕರು ಮಾತಾಡುವ ಸರದಿ ಬಂತು. ಸಾಮಾನ್ಯವಾಗಿ ಮಾರ್ಗದರ್ಶಕರು ಆಗ ಸುಮ್ಮನಿರುತ್ತಾರೆ. ಎರಡನೆಯ ಸಾಲಿನಿಂದ ಮೇಡಂ ಎದ್ದು ನಿಂತರು.

"ಆ ದಿನ ನಾನು ಅಲ್ಲಿದ್ದೆ," ಎಂದರು. "ಇವಳು ಬರೆದದ್ದು ಸರಿ. ನಾನು ಬರೆದದ್ದು ಸರಿಯಲ್ಲ, ಅದು ನನಗೆ ಗೊತ್ತಿತ್ತು."

ಕೂತುಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ನನ್ನ ಗಂಡನಿಗೆ ಸ್ವೀಡಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಏನಾಯಿತು ಎಂದು ಪಕ್ಕದವರನ್ನು ಕೇಳಿದನಂತೆ. ಅವರು ಅವನ ಕೈಯನ್ನು ಮೆಲ್ಲಗೆ ತಟ್ಟಿದರಂತೆ.

ನನಗೆ ಡಿಗ್ರಿ ಸಿಕ್ಕಿತು, ಮುಂದೆ ಅದೇ ವಿಭಾಗದಲ್ಲಿ ಪಾಠ ಮಾಡುವ ಕೆಲಸವೂ ಸಿಕ್ಕಿತು. ಮೇಡಂಗೆ ಆದದ್ದು ಬೇರೆ. ಬೈದವರು ಯಾರೂ ಇಲ್ಲ. ಸಮ್ಮೇಳನಗಳಿಗೆ ಕರೆಯುವುದು ಕಡಿಮೆಯಾಯಿತು, ಹಳೆಯ ಸಹೋದ್ಯೋಗಿಗಳು ಫೀಕಾ ಹೊತ್ತಿನಲ್ಲಿ ಬೇರೆ ಮೇಜಿನಲ್ಲಿ ಕೂರತೊಡಗಿದರು. ನಾನು ಅವರ ಪಕ್ಕದಲ್ಲೇ ಕೂತೆ. ಅದರಿಂದ ಅವರಿಗೆ ಸಮಾಧಾನವಾಗುತ್ತಿತ್ತೋ, ಕಸಿವಿಸಿಯಾಗುತ್ತಿತ್ತೋ ನಾನು ಕೇಳಲಿಲ್ಲ. ಮುಂದಿನ ವರ್ಷ ಅವರು ನಿವೃತ್ತರಾದರು.

ನಿವೃತ್ತಿಯ ನಂತರ ತಮ್ಮ ಪುಸ್ತಕದ ಹೊಸ ಮುದ್ರಣಕ್ಕೆಂದು ಕೊನೆಯಲ್ಲಿ ಸೇರಿಸುವ ನಾಲ್ಕು ಪುಟ ಬರೆದು, ತಿದ್ದಿಕೊಡು ಎಂದು ನನಗೆ ಕಳಿಸಿದರು. ಗುರುವಿನ ಬರಹದ ಮೇಲೆ ಪೆನ್ಸಿಲ್ ಇಡಲು ಕೈ ಏಳಲಿಲ್ಲ. ಒಂದು ವಾಕ್ಯದ ಹತ್ತಿರ ಮಾತ್ರ ನಿಂತೆ. ಹಳ್ಳಿಯವರನ್ನು ಕಾಪಾಡುವ ಸಲುವಾಗಿ ನಾನು ಈ ಜಗಳವನ್ನು ಬಿಟ್ಟೆ ಎಂದಿತ್ತು. ಅಂಚಿನಲ್ಲಿ ಸಣ್ಣದಾಗಿ ಬರೆದೆ: ಬಿಡುವ ಮುಂಚೆ ಅವರನ್ನು ಕೇಳಿದ್ದಿರಾ?

ಒಂದು ವಾರ ಬಿಟ್ಟು ಹಾಳೆಗಳು ವಾಪಸು ಬಂದವು. ಉಳಿದದ್ದೆಲ್ಲ ಹಾಗೇ ಇತ್ತು. ಆ ವಾಕ್ಯ ಹೊಡೆದುಹಾಕಿ, ಅದರ ಮೇಲೆ ಹೊಸದಾಗಿ ಬರೆದಿದ್ದರು: ಅವರನ್ನು ಕಾಪಾಡುತ್ತಿದ್ದೇನೆ ಅಂದುಕೊಂಡೆ, ಅವರನ್ನು ಕೇಳಲಿಲ್ಲ.

ಹಾಗೆಯೇ ಅಚ್ಚಾಯಿತು.