ಕಾಲುವೆಗೆ ನೀರು ಬಂದಾಗ ಸಾಯುತ್ತಿದ್ದ ಕಂಪ್ಯೂಟರು

ಆಗ ಸಗರದ ನಮ್ಮ ಓಣಿಯಲ್ಲಿ ಕಂಪ್ಯೂಟರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಜಂಬ ಪಡುವಂಥದ್ದೇನೂ ಅಲ್ಲ. ಶಹಾಪುರದಲ್ಲಿ ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನಿಂದ ಅಪ್ಪ ಎತ್ತಿನ ಹಲ್ಲು ನೋಡುವ ಹಾಗೆ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿ, ಅರ್ಧ ದಿನ ಚೌಕಾಸಿ ಮಾಡಿ ತಂದ ಮುದಿ ಯಂತ್ರ. ಚಾಲೂ ಮಾಡಿ ಚಹಾ ಕುಡಿದು ಬಂದರೂ ಇನ್ನೂ ಕಣ್ಣುಜ್ಜುತ್ತಾ ಕೂತಿರುತ್ತಿತ್ತು. ಮನೆಯಲ್ಲಿ ಅದಕ್ಕೆ ಡಬ್ಬಿ ಅಂತಲೇ ಹೆಸರು.

ಅಕ್ಕ ನೀಲಮ್ಮ ಆ ವರ್ಷ ಪಿಯುಸಿ ಪಾಸಾಗಿದ್ದಳು. ಯಾದಗಿರಿಯ ಡಿಗ್ರಿ ಕಾಲೇಜಿಗೆ ಹೋಗಬೇಕು ಅಂತ ಅವಳ ಹಟ. ಅಪ್ಪ ಒಂದೇ ಮಾತು ಹೇಳಿದ್ದ: "ಫೀಸು, ಬಸ್ ಪಾಸು ಎರಡೂ ಆ ಡಬ್ಬಿಯಿಂದ ಹುಟ್ಟಿದ್ರ ಓದ್ಲಿ. ಇಲ್ಲಂದ್ರ ಸುರಪುರದವ್ರು ಹುಡಿಗಿ ನೋಡಾಕ ಬರ್ತೀವಂತ ಹೇಳಿ ಕಳಿಸ್ಯಾರ."

ಪುಣ್ಯಕ್ಕೆ ಅವಳಿಗೊಂದು ಕೆಲಸ ಸಿಕ್ಕಿತು. ರಿಟೈರಾದ ಸಿದ್ರಾಮಪ್ಪ ಮಾಸ್ತರು ಮುದುಕಿಯರ ಬಾಯಿಂದ ಬರೆದುಕೊಂಡಿದ್ದ ಬೀಸುವ ಹಾಡುಗಳ ದೊಡ್ಡ ಕಟ್ಟನ್ನೇ ತಂದಿಟ್ಟು, "ಕಾಲೇಜಿನ ಅಡ್ಮಿಷನ್ ಮುಗಿಯೂದ್ರಾಗ ಟೈಪ್ ಮಾಡಿ ಕೊಡವಾ, ನಿನ್ನ ಫೀಸು, ಬಸ್ ಪಾಸು ಎರಡೂ ನಾ ಕಟ್ತೀನಿ" ಅಂದರು. ಅಕ್ಕ ಅವತ್ತೇ ಕೂತಳು.

ಡಬ್ಬಿ ಕೂಡಲು ಬಿಡಬೇಕಲ್ಲ. ಎರಡು ಹಾಡು ಮುಗಿಯುವಷ್ಟರಲ್ಲಿ ಪರದೆ ಒಳಗೊಳಗೇ ಸಣ್ಣದಾಗಿ, ಒಂದು ಸಲ ನಡುಗಿ, ಕಪ್ಪಾಗುತ್ತಿತ್ತು. ಮತ್ತೆ ಮೊದಲಿನಿಂದ. ಶಹಾಪುರದ ಅಂಗಡಿಯವನು, "ಇದಕ್ಕ ನೆನಪು ಕಮ್ಮಿ ಅದ್ರಿ, ರ‍್ಯಾಮ್ ಹಾಕಿಸ್ರಿ" ಅಂದ. ಅವ್ವ ಕೂಡಿಟ್ಟ ತುಪ್ಪ ಮಾರಿದಳು. ಅಪ್ಪ ಯಾರೋ ಬಳಸಿ ಬಿಟ್ಟ ಬೆರಳುದ್ದದ ಹಸಿರು ಪಟ್ಟಿಯೊಂದನ್ನು ತಂದು ಅಂಗೈ ಮೇಲಿಟ್ಟು ತೂಗಿ ನೋಡಿದ. "ಇಷ್ಟಕ್ಕ ಅಷ್ಟ್ ರೊಕ್ಕಾ? ಬೆಲ್ಲದ ಚೂರಿನಷ್ಟೂ ತೂಕ ಇಲ್ಲ" ಅಂದ.

ಪಟ್ಟಿ ಹಾಕಿದ ಮೇಲೆ ಏಳು ದಿನ ಡಬ್ಬಿ ನೆಟ್ಟಗೆ ನಡೆಯಿತು. ಎಂಟನೆಯ ದಿನ ಮತ್ತೆ ಅದೇ ರಾಗ. ಈಗ ಅಂಗಡಿಯವನು ಕರೆಂಟು ಹಂಚುವ ಒಳಗಿನ ಪೆಟ್ಟಿಗೆಯೇ ಹೋಗಿದೆ ಅಂದ. ಅಪ್ಪ ಬೈದುಕೊಳ್ಳುತ್ತಲೇ ಯಾದಗಿರಿಗೆ ಹೋಗಿ ಇನ್ನೊಂದು ಹಳೆಯದನ್ನು ತಂದ. ಮತ್ತೆ ವಾರ ಚಂದ, ಆಮೇಲೆ ಮತ್ತೆ ಕಪ್ಪು. ಈ ನಡುವೆ ಒಳಗಿನ ಫ್ಯಾನೂ ನಿಂತಿತು. ಅದಕ್ಕೆ ರೊಕ್ಕ ಇರಲಿಲ್ಲ. ಆದ್ದರಿಂದ ಹತ್ತು ವರ್ಷದ ನಾನು ಡಬ್ಬಿಯ ಪಕ್ಕದ ತಗಡು ಬಿಚ್ಚಿಟ್ಟು ಮೊರದಿಂದ ಗಾಳಿ ಹಾಕಬೇಕಾಯಿತು. ಅಂಗಳದಲ್ಲಿ ಗೆಳತಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ಕಾಯ್ದ ಧೂಳಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮೊರ ನಿಲ್ಲಿಸಿದರೆ ಅಕ್ಕ ಗದರುತ್ತಿದ್ದಳು. ಈಗ ನೆನೆದರೂ ನನಗೆ ಪಿತ್ತ ನೆತ್ತಿಗೇರುತ್ತದೆ.

ಗುಟ್ಟು ಹಿಡಿದವಳು ಅವ್ವ. ಒಂದಿನ ರೊಟ್ಟಿ ಬಡಿಯುತ್ತಾ, "ಕಾಲುವಿ ಒಣಗಿದ ವಾರ ಇದು ಚಂದ ಇರ್ತದ. ನೀರು ಬಿಟ್ಟ ವಾರ ಸಾಯ್ತದ" ಅಂದಳು.

"ಡಬ್ಬಿ ಏನ್ ಭತ್ತ ಬೆಳಿತೈತೇನ?" ಅಂತ ಅಪ್ಪ ನಕ್ಕ.

ಅಕ್ಕ ನಗಲಿಲ್ಲ. ತಲೆ ಎತ್ತಿ ಬಲ್ಬು ನೋಡಿದಳು. ಅದು ಬಾಡಿದ ಟೊಮ್ಯಾಟೊ ಬಣ್ಣಕ್ಕೆ ತಿರುಗಿತ್ತು. ನಮ್ಮೂರಿಗೆ ಕಾಲುವೆ ನೀರು ಸರದಿ ಪ್ರಕಾರ ಬರುತ್ತಿತ್ತು, ಒಂದು ವಾರ ಬಿಟ್ಟು ಒಂದು ವಾರ. ನೀರು ಬಿಟ್ಟರೆ ಕಾಲುವೆಗಿಂತ ಎತ್ತರದ ಏರು ಹೊಲದವರೆಲ್ಲ ಕಾಲುವೆಗೆ ಮೋಟಾರು ಇಳಿಸುತ್ತಿದ್ದರು. ಹಗಲು ಕರೆಂಟು ಇರುತ್ತಿದ್ದುದೇ ನಾಲ್ಕು ತಾಸು. ಅಷ್ಟರಲ್ಲೇ ಆರು ಮೋಟಾರು, ಒಂದು ಓಣಿ, ಒಂದು ಡಬ್ಬಿ, ಎಲ್ಲಕ್ಕೂ ಒಂದೇ ಟ್ರಾನ್ಸ್‌ಫಾರ್ಮರು. ಮೋಟಾರುಗಳು ಎಳೆದುಕೊಂಡು ಉಳಿದ ಕರೆಂಟು ಡಬ್ಬಿಗೆ ಸಾಲುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವು, ಅದೂ ಎರಡೆರಡು ಸಲ, ಅವ್ವನ ತುಪ್ಪದ ರೊಕ್ಕದಲ್ಲಿ.

ಅಡ್ಮಿಷನ್ನಿಗೆ ಐದೇ ದಿನ ಇತ್ತು. ಮೂವತ್ತು ಹಾಳೆ ಬಾಕಿ. ಅಕ್ಕ ನನ್ನ ಕೈ ಹಿಡಿದು ಐದೂ ಮೋಟಾರಿನವರ ಮನೆಗೆ ಹೋದಳು. "ಕಾಕಾ, ನಾಕ್ ದಿನ, ಮಧ್ಯಾಹ್ನ ಎರಡು ತಾಸು ಮೋಟಾರು ಬಂದ್ ಇಡ್ರಿ. ನನ್ನ ಕಾಲೇಜು ಹೋಗ್ತದ" ಅಂತ ಬೇಡಿಕೊಂಡಳು. ನಾನು ಬೈಗುಳ ತಿನ್ನಲು ತಯಾರಾಗಿದ್ದೆ. ಆದರೆ ಮೂಲೆಮನಿ ಶರಣಪ್ಪ ಕಾಕಾ ಬೀಡಿ ಆರಿಸಿ, "ಎರಡು ತಾಸಿಗಿ ಭತ್ತೇನ್ ಸಾಯಂಗಿಲ್ಲ. ನಮ್ಮವ್ವನ ಹಾಡೂ ಆ ಪುಸ್ತಕದಾಗ ಅದಾವಂತಲ್ಲ, ಚಂದಗ ಬಡಿ" ಅಂದರು. ಉಳಿದವರೂ ಗೊಣಗುತ್ತಲೇ ಒಪ್ಪಿದರು. ಆರನೆಯ ಮೋಟಾರು ನಮ್ಮದೇ. ಅಪ್ಪ "ಹ್ಞೂಂ" ಅಂದ.

ಮರುದಿನ ಐದು ಮೋಟಾರು ನಿಂತವು. ಬಲ್ಬು ಮಾತ್ರ ಕೆಂಪಗೇ ಇತ್ತು, ಡಬ್ಬಿ ಮೂರನೆಯ ಸಾಲಿಗೆ ಸತ್ತಿತು. ನಾನು ಹಿತ್ತಲಿಗೆ ತಾಗಿದ ನಮ್ಮ ಹೊಲಕ್ಕೆ ಓಡಿ ನೋಡಿದರೆ ನಮ್ಮ ಮೋಟಾರು ಜೋರಾಗಿ ಹಾಡುತ್ತಿದೆ. ಅದಕ್ಕೂ ಮನೆಗೂ ಒಂದೇ ತಂತಿ. ಅಪ್ಪ ಬದುವಿನ ಮೇಲೆ ಕೂತು, "ಎಲ್ಲಾರೂ ಬಂದ್ ಮಾಡ್ಯಾರ, ನೀರು ಹೆಂಗ ಬರಾಕತ್ತದ ನೋಡ" ಅಂದ, ಖುಷಿಯಿಂದ. ಇಂಥವನಿಗೆ ಏನು ಹೇಳಬೇಕು? ಅಷ್ಟರಲ್ಲಿ ಶರಣಪ್ಪ ಕಾಕಾ ಕಾಲುವೆ ಆಚೆಯಿಂದ ಕೂಗಿದರು: "ನಿಮ್ದು ನಡಿತದಂದ್ರ ನಮ್ದ್ಯಾಕ್ ಬಂದ್ ಇಡಮು?"

ಮನೆಗೆ ಬಂದು ಹೇಳಿದೆ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಹಿತ್ತಲ ಬಾಗಿಲಿನಿಂದ ಹೋದಳು. ಮೋಟಾರಿನ ಸದ್ದು ನಿಂತಿತು. ಬಲ್ಬು ಬೆಳ್ಳಗಾಯಿತು. ಮೊಣಕಾಲತನಕ ಕೆಸರು ಮಾಡಿಕೊಂಡು ಬಂದ ಅವ್ವ ಮೋಟಾರಿನ ಮೂರೂ ಫ್ಯೂಜುಗಳನ್ನು ಅಕ್ಕನ ಮುಂದಿಟ್ಟು, "ಈಗ ಬಡಿ" ಅಂದಳು.

ಹಿಂದೆಯೇ ಅಪ್ಪ ಬಂದ. "ಯಾರ್ ತೆಗದ್ರು ಫ್ಯೂಜ್?"

"ನಾನೇ ತೆಗದೀನಿ. ನಾಕ್ ದಿನ ಕೊಡಂಗಿಲ್ಲ. ಕೂಡ್ರಿ, ಪುಂಡಿಪಲ್ಯ ಬಿಸಿ ಅದ, ರೊಟ್ಟಿ ತಿನ್ರಿ" ಅಂದಳು ಅವ್ವ. ಅವಳು ಅಪ್ಪನಿಗೆ ಎದುರಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಪ್ಪನೂ ಕಂಡಿರಲಿಲ್ಲವೇನೋ. ಕೈ ತೊಳೆದುಕೊಂಡು ಕೂತು ತಿಂದ.

ಅಕ್ಕ ನಾಲ್ಕನೆಯ ದಿನ ಕೊನೆಯ ಹಾಳೆ ಮುಗಿಸಿದಳು. ಮಾಸ್ತರು ತಾವೇ ಅವಳ ಜೊತೆ ಯಾದಗಿರಿಗೆ ಹೋಗಿ ಫೀಸು ಕಟ್ಟಿ, ಬಸ್ ಪಾಸೂ ಮಾಡಿಸಿ ಬಂದರು.

ಈಗ ಊರಲ್ಲಿ ಹೊಲಕ್ಕೊಂದು ಲೈನು, ಮನೆಗೊಂದು ಲೈನು. ಯಾರ ಮೋಟಾರು ನಡೆದರೂ ಯಾರ ದೀಪವೂ ಮಂಕಾಗುವುದಿಲ್ಲ. ಯಾರೂ ಯಾರ ಬಾಗಿಲಿಗೂ ಹೋಗಿ ಬೇಡಬೇಕಿಲ್ಲ, ಬೇಡುವುದೂ ಇಲ್ಲ. ಹೋದ ತಿಂಗಳು ನನ್ನ ಕಂಪ್ಯೂಟರಿಗೆ ಹೊಸ ರ‍್ಯಾಮ್ ಬೇಕಾಯಿತು. ಮೊಬೈಲಿನಲ್ಲಿ ಒತ್ತಿದೆ, ಎರಡು ದಿನಕ್ಕೆ ಬಾಗಿಲಿಗೆ ಬಂತು. ಅವ್ವ ತೀರಿಕೊಂಡು ಬಹಳ ವರ್ಷವಾಯಿತು, ಶರಣಪ್ಪ ಕಾಕಾ ಅವಳಿಗಿಂತ ಮೊದಲೇ ಹೋದರು. ನನ್ನ ಕೆಲಸ ಕೆಡಬಾರದು ಅಂತ ಎರಡು ತಾಸು ತಮ್ಮ ಹೊಲದ ನೀರು ನಿಲ್ಲಿಸುವವರು ಇವತ್ತು ಯಾರಿದ್ದಾರೆ ಎಂದು ಎಣಿಸಲು ಕೂತರೆ, ಮೊದಲ ಬೆರಳೇ ಮಡಿಚುವುದಿಲ್ಲ.