ಲೇತಿಗೆ ಹಾಕಿದ ಕುಸುಬಿ ಎಣ್ಣೆ

ಮೊನ್ನೆ ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನ ಕಿರಾಣಿ ಅಂಗಡಿಯಲ್ಲಿ ಯಾರೋ ಕುಸುಬಿ ಎಣ್ಣೆಯ ಡಬ್ಬಿ ತೆರೆದರು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನಗಬೇಡಿ. ಆ ಎಣ್ಣೆಯಲ್ಲೇ ಬೆಳೆದ ಕಲಬುರಗಿಯವನು ನಾನು. ಅದಿಲ್ಲದ ಪಲ್ಯ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಹತ್ತಿರದ ಕಮಲಾಪುರದಲ್ಲಿ ಮಾವನ ಲೇತ್ ಯಂತ್ರದ ಎಣ್ಣೆ ಟಾಕಿ ತೆರೆದ ದಿನದ ಗಾಬರಿ ಇನ್ನೂ ಹೋಗಿಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಕಬ್ಬಿಣ ಕಡೆಯುವ ಆ ಹಳೆಯ ಲೇತೇ ಅವರ ಅನ್ನ. ಯಂತ್ರ ತಿರುಗಿದಂತೆ ಅದರೊಳಗಿನ ಸಣ್ಣ ಪಂಪು ಟಾಕಿಯ ಎಣ್ಣೆಯನ್ನು ತೆಳ್ಳನೆಯ ತಾಮ್ರದ ನಳಿಗೆಗಳಲ್ಲಿ ಹರಿಸಿ, ಉಜ್ಜುವ ಜಾಗಗಳಿಗೆಲ್ಲ ತಾನೇ ಮುಟ್ಟಿಸುತ್ತಿತ್ತು. ಆ ನಳಿಗೆಗಳು ಕಟ್ಟಿಕೊಂಡು ಲೇತು ಒಣಗಿ ಕಿರುಗುಟ್ಟತೊಡಗಿದಾಗ ಮಾವ, ಕಲಬೆರಕೆ ಕೊಟ್ಟೆಯೆಂದು ಮಷಿನ್ ಎಣ್ಣೆ ಮಾರಿದ ಅಂಗಡಿಯವನ ಜೊತೆ ಜಗಳ ಕಾಯ್ದರು. ಕೊನೆಗೆ ನನ್ನನ್ನು ಕರೆಸಿ, ನಿನ್ನ ಕೈಯಲ್ಲೂ ಆಗದಿದ್ದರೆ ಗುಜರಿಗೇ ಎಂದರು. ನಾನೋ, ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನನ್ನ ಮನೆಯಲ್ಲಿ ಮಿಕ್ಸರ್ ಕೆಟ್ಟರೆ ಹೆಂಡತಿ ಬೇರೆಯವರನ್ನು ಕರೆಯುವಂಥ ಮೆಕ್ಯಾನಿಕ್ಕು.

ಟಾಕಿಯ ಮುಚ್ಚಳ ಬಿಚ್ಚಿದೆ. ತಳದಲ್ಲಿ ಎಣ್ಣೆಯೇ ಇಲ್ಲ. ಬೆಲ್ಲದ ಪಾಕ ಗಟ್ಟಿಯಾದಂಥ ಕೆಂಪು ಅಂಟು. ಮೂಸಿದರೆ ಅಡಿಗೆಮನೆ! ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟು ಮಾವನನ್ನು ಕರೆದೆ. ಮಾವನೂ ಮೂಸಿ ಮನೆಯ ಕಡೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಮುಚ್ಚಿಡಲೂ ಇಲ್ಲ, ಹೆದರಲೂ ಇಲ್ಲ. ಲೇತು ಮಾವನ ಬೆರಳು ತಿಂದ ವರ್ಷದಿಂದ ಪ್ರತಿ ಅಮಾವಾಸ್ಯೆಗೆ ಪೂಜೆ ಮಾಡಿ, ಒಂದು ಬಟ್ಟಲು ಕುಸುಬಿ ಎಣ್ಣೆಯನ್ನು ಟಾಕಿಗೆ ಸುರಿಯುತ್ತಿದ್ದರಂತೆ.

"ನಾವು ತಿನ್ನೂ ಎಣ್ಣಿನೇ ಹಾಕೀನಿ. ಅದರ ಹೊಟ್ಟಿ ತಂಪಿದ್ರ ನಿಮ್ಮ ಕೈಗಿ ಬಾಯಿ ಹಾಕಂಗಿಲ್ಲಂತ."

ನಾನು ದೊಡ್ಡ ಜಾಣನಂತೆ, ಎಣ್ಣೆ ಡಬ್ಬಿಯ ತಳ ಅಂಟಾಗುವುದಿಲ್ಲವೇ ಅತ್ತೆ, ನಳಿಗೆಯೊಳಗೂ ಹಾಗೇ ಆಗಿದೆ, ಯಂತ್ರವನ್ನು ಕೊಂದದ್ದೇ ಅದು ಎಂದು ವಿವರಿಸಿದೆ. ಅತ್ತೆ ಹತ್ತಿರ ಬಂದು ಟಾಕಿಯೊಳಗೆ ಬಗ್ಗಿ ನೋಡಿದರು. ಮಾವನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಹಂಗಾದ್ರ ಇಷ್ಟು ವರ್ಷ ನಿಮ್ಮ ಕೈ ಕಾಯ್ದೋರು ಯಾರು?"

ಅಂಗಡಿಯವನ ಮೇಲೆ ಅಷ್ಟು ಕೂಗಾಡಿದ್ದ ಮಾವ ಸೀಮೆಎಣ್ಣೆಯ ಡಬ್ಬಿ ಹುಡುಕತೊಡಗಿದರು. ನಾನು ನಳಿಗೆ ಬಿಚ್ಚಲು ಬಗ್ಗಿದೆ.

ಸೀಮೆಎಣ್ಣೆಗೆ ಆ ಅಂಟು ಜಗ್ಗಲಿಲ್ಲ. ಬಣ್ಣ ಕರಗಿಸುವ ಥಿನ್ನರಿನಲ್ಲಿ ನೆನೆಹಾಕಿ, ತಂತಿ ತೂರಿಸಿ, ಗಾಳಿ ಊದಿ ಬಿಡಿಸಿದೆವು. ಹಟ ಹಿಡಿದ ನಳಿಗೆಗಳನ್ನು ಬದಲಿಸಿದೆವು. ಹೊಸ ಎಣ್ಣೆ ಉಕ್ಕಿನ ಹಾಸಿನ ಮೇಲೆ ಹನಿಹನಿಯಾಗಿ ಇಳಿದಾಗ ಮಾವ ನನ್ನ ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ. ಅತ್ತೆ ನೋಡಲು ಬರಲಿಲ್ಲ.

ಇವತ್ತು ಊಟಕ್ಕೆ ಕುಳಿತಾಗ ಮಾವನ ಫೋನು ಬಂತು. ಲೇತು ಹೂವಿನಂತೆ ತಿರುಗುತ್ತಿದೆ ಎಂದರು. ಅತ್ತೆ ಹೇಗಿದ್ದಾರೆಂದು ಕೇಳಿದೆ. ದನಿ ತಗ್ಗಿಸಿ ಹೇಳಿದರು:

"ಮಷಿನ್ ಬಂದ್ ಆಗೂತನ ಅಕಿ ಉಣ್ಣಾಂಗಿಲ್ಲೋ ತಮ್ಮಾ. ಬಾಗಲದಾಗ ನಿಂತು ನನ್ನ ಕೈನೇ ನೋಡ್ತಾಳ."

ಮುರಿದ ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು.