ಹನ್ನೊಂದು ಜನಕ್ಕೆ ಸಿಹಿ ರೊಟ್ಟಿ

ಬಸ್ ಡಿಪೋದಲ್ಲಿ ಹರಿದ ಸೀಟುಗಳನ್ನು ಹೊಲಿಯುವುದು ಅವಳ ಕೆಲಸ. ಗಂಡನ ಜೊತೆ ಪರದೇಶಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಊರ ಕಡೆಯವರೆಲ್ಲ ಅವಳನ್ನು ಸೂಜಿ ಅಕ್ಕ ಎಂದೇ ಕರೆಯುತ್ತಿದ್ದರು. ರೆಕ್ಸಿನ್ ಹರಿದರೂ ಅವಳು ಹಾಕಿದ ಹೊಲಿಗೆ ಬಿಡುವುದಿಲ್ಲ ಎಂಬ ಮಾತಿತ್ತು. ಅಂಥ ಕೈಗೆ ಹಬ್ಬದ ಅಡುಗೆ ಬರುವುದಿಲ್ಲ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಊರಲ್ಲಿ ಹದಿನಾರನೇ ವಯಸ್ಸಿಗೇ ಹೊಲಿಗೆ ಯಂತ್ರದ ಮುಂದೆ ಕೂತವಳು ಅವಳು. ಹಬ್ಬ ಹತ್ತಿರ ಬಂತೆಂದರೆ ಇಡೀ ಬೀದಿಯ ಹೊಸ ಬಟ್ಟೆಗಳು ಅವಳ ತಲೆಯ ಮೇಲೆ. ಅತ್ತಿಗೆ ಅಡುಗೆಮನೆಯಲ್ಲಿ ಹೂರಣ ಅರೆಯುತ್ತಿದ್ದರೆ ಇವಳು ಪಡಸಾಲೆಯಲ್ಲಿ ಗುಂಡಿ ಹೊಲಿಯುತ್ತಾ ಘಮ ಕುಡಿಯುತ್ತಿದ್ದಳು, ತಟ್ಟೆಗೆ ಬಂದದ್ದನ್ನು ತಿನ್ನುತ್ತಿದ್ದಳು. ಮದುವೆಯಾದ ಎರಡೇ ತಿಂಗಳಿಗೆ ವಿಮಾನ ಹತ್ತಿದ್ದಾಯಿತು. ಇಲ್ಲಿ ದಿನದ ಅನ್ನ, ಪಲ್ಯ ಹೇಗೋ ನಡೆಯುತ್ತಿತ್ತು. ಹಬ್ಬ ಪ್ರತಿ ಸಲವೂ ಕೆಲಸದ ದಿನವೇ ಬೀಳುತ್ತಿದ್ದರಿಂದ ಮರ್ಯಾದೆ ಉಳಿದಿತ್ತು.

ಐದನೇ ವರ್ಷ ಹಬ್ಬ ಭಾನುವಾರ ಬಿತ್ತು. ಗೋದಾಮಿನಲ್ಲಿ ಸರಕು ಜೋಡಿಸುವ ಅವಳ ಗಂಡನಿಗೆ ಕೈಗಿಂತ ಬಾಯಿ ಉದ್ದ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಹನ್ನೊಂದು ಗಂಡಸರನ್ನು ಊಟಕ್ಕೆ ಕರೆದು, ಮನೆಗೆ ಬಂದು ಶೂ ಬಿಚ್ಚುತ್ತಾ ಸುದ್ದಿ ಹೇಳಿದ.

"ಹನ್ನೊಂದು ಜನಾನಾ? ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳೋದೇನಿದೆ? ನಾಲ್ಕು ಪಲ್ಯ, ಸಿಹಿ ರೊಟ್ಟಿ. ನಿನಗೇನು ಹೊಸದಾ?"

ಹೊಸದೇ ಎನ್ನಹೊರಟವಳು ಅವನ ಶೂ ಎತ್ತಿ ಮೂಲೆಗಿಟ್ಟಳು. ಮೂವತ್ತೆಂಟರ ಹೆಂಗಸು ಅದನ್ನು ಯಾವ ಬಾಯಲ್ಲಿ ಹೇಳುವುದು?

ಭಾನುವಾರ ಬೆಳಿಗ್ಗೆ ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿಟ್ಟು ಅತ್ತಿಗೆಗೆ ಕರೆ ಮಾಡಿದಳು.

"ಹಿಟ್ಟು ಎಷ್ಟು ಹಾಕ್ಲಿ ಅತ್ತಿಗೆ?"

"ಹನ್ನೊಂದು ಜನಕ್ಕಾಗೋಷ್ಟು."

"ಅಂದ್ರೆ ಎಷ್ಟು? ಲೋಟದ ಲೆಕ್ಕದಲ್ಲಿ ಹೇಳಿ."

"ಲೋಟ ಹಿಡ್ಕೊಂಡು ಯಾರಾದ್ರೂ ಹಬ್ಬ ಮಾಡ್ತಾರೇನೇ? ಕಣ್ಣಳತೆ. ಕಲಸ್ತಾ ಕಲಸ್ತಾ ಕೈಗೇ ಗೊತ್ತಾಗುತ್ತೆ. ಕಿವಿ ಹಾಲೆಯಷ್ಟು ಮೆತ್ತಗಿರ್ಬೇಕು."

ಸೂಜಿ ಅಕ್ಕ ಹಿಟ್ಟಿನ ಕೈಯಲ್ಲೇ ಕಿವಿ ಮುಟ್ಟಿ ನೋಡಿಕೊಂಡಳು. ಡಿಪೋದಲ್ಲಿ ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆಮೇಲೆ ಕತ್ತರಿ ಹಾಕುತ್ತಾರೆ. ಇಲ್ಲಿ ಗೆರೆಯೂ ಇಲ್ಲ, ಟೇಪೂ ಇಲ್ಲ. ನೀರು ಹಾಕಿದರೆ ಹಿಟ್ಟು ಅಂಟಾಯಿತು; ಹಿಟ್ಟು ಸೇರಿಸಿದರೆ ಕಲ್ಲಾಯಿತು. ಬೆಲ್ಲ ಸಿಗದೆ ತಂದ ಕಂದು ಸಕ್ಕರೆ ಬೇಳೆಯ ಜೊತೆ ಕರಗಿ ಗಂಜಿಯಂತೆ ಹರಿಯಿತು. ಒಲೆಯೋ, ಕಪ್ಪು ಗಾಜಿನದು. ಕಾವೇರಿತು ಎನ್ನುವಷ್ಟರಲ್ಲಿ ತಾನಾಗಿ ಆರಿಬಿಡುತ್ತಿತ್ತು. ಮೊದಲ ರೊಟ್ಟಿ ಒಡೆದು ಹೂರಣ ಕಾವಲಿಗೆ ಹತ್ತಿ ಹೊಗೆಯೆದ್ದಿತು. ಚಾವಣಿಯ ಹೊಗೆ ಅಲಾರಾಂ ಕೂಗಿಕೊಂಡಿತು. ಗಂಡ ಕುರ್ಚಿ ಹತ್ತಿ ಟವೆಲ್ ಬೀಸತೊಡಗಿದ. ಕೆಳಗಿನ ಮನೆಯ ಅಜ್ಜಿ ಏದುಸಿರು ಬಿಡುತ್ತಾ ಮೇಲೆ ಬಂದು ಬಾಗಿಲು ತಟ್ಟಿ, ಬೆಂಕಿಯೇ ಎಂದು ಕೇಳಿದಳು.

"ಇಲ್ಲ, ಹಬ್ಬ" ಎಂದಳು ಸೂಜಿ ಅಕ್ಕ. ಅಳು ಬರುವಂತಿತ್ತು.

ಮಧ್ಯಾಹ್ನ ಹನ್ನೊಂದು ಜನವೂ ಬಂದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಸಿದುಕೊಂಡು. ನೆಲದ ಮೇಲೆ ಒತ್ತೊತ್ತಾಗಿ ಕೂತರು. ಮೊದಲ ತುತ್ತನ್ನು ಎಲ್ಲರೂ ನೀರು ಕುಡಿದು ಇಳಿಸಿದರು. ಎರಡನೆಯದಕ್ಕೆ ಮಾತು ಶುರುವಾಯಿತು.

"ನಮ್ಮಮ್ಮ ಮಾಡಿದ್ರೆ ಕಾಗದದ ಹಾಗೆ ತೆಳ್ಳಗಿರ್ತಿತ್ತು" ಎಂದ ಬಸ್ ಡ್ರೈವರ್.

"ಹೂರಣ ಇನ್ನೂ ನುಣ್ಣಗೆ ಅರೀಬೇಕಿತ್ತು" ಎಂದ ಬಡಗಿ.

"ನಮ್ಮನೇಲಿ ತುಪ್ಪ ಸ್ವಲ್ಪ ಧಾರಾಳ" ಎಂದು ಇನ್ನೊಬ್ಬ ರಾಗ ಎಳೆದ.

ಸೂಜಿ ಅಕ್ಕ ಹಲ್ಲು ಕಚ್ಚಿ ಬಡಿಸುತ್ತಲೇ ಇದ್ದಳು. ಆಗ ಗಂಡ ದೊಡ್ಡ ಮನಸ್ಸು ಮಾಡಿದವನಂತೆ ಬಾಯಿ ಬಿಟ್ಟ. "ಇಲ್ಲಿನ ಹಿಟ್ಟು ಸರಿ ಇಲ್ಲ ಬಿಡ್ರಪ್ಪ. ಇಲ್ದಿದ್ರೆ ಇವಳ ಕೈರುಚಿಗೆ ಸಾಟಿ ಇಲ್ಲ."

ಅವಳು ಸೌಟು ಕೆಳಗಿಟ್ಟಳು.

"ಹಿಟ್ಟಿನ ಮೇಲೆ ಯಾಕೆ ಹಾಕ್ತೀರಿ? ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತೆ. ನನಗೆ ಬರಲ್ಲ. ಜನ್ಮದಲ್ಲಿ ಇವತ್ತೇ ಮೊದಲ್ನೇ ಸಲ ಮಾಡಿದ್ದು." ಆಮೇಲೆ ಕೂತವರ ಕಡೆ ತಿರುಗಿದಳು. "ಒಳಗೆ ಇನ್ನೂ ಅರ್ಧ ಹಿಟ್ಟಿದೆ. ನಿಮ್ಮನೇಲಿ ಹೇಗೆ ಮಾಡ್ತಾರೆ ಅಂತ ನಿಮಗೆಲ್ಲ ಗೊತ್ತಿದೆಯಲ್ಲ, ಯಾರಾದ್ರೂ ಎದ್ದು ಲಟ್ಟಿಸಿ ತೋರಿಸಿ."

"ನಾನು ತಿಂದಿರೋದು ಮಾತ್ರ ಕಣಕ್ಕ" ಎಂದ ಡ್ರೈವರ್, ಮೆಲ್ಲಗೆ. ಬಡಗಿ ಮಾತ್ರ ರೋಷ ಬಂದು ಅಂಗಿ ತೋಳು ಮಡಚಿ ಒಳಗೆ ಹೋದ. ಹಿಟ್ಟು ಲಟ್ಟಣಿಗೆಗೆ ಅಂಟಿತು, ಅಂಗೈಗೆ ಅಂಟಿತು, ಅವನ ಮೀಸೆಗೂ ಅಂಟಿತು. ಇಣುಕಿ ನೋಡಿದವರು ನಕ್ಕರು. ಸೂಜಿ ಅಕ್ಕನಿಗೆ ನಗು ಬರಲಿಲ್ಲ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅವನೆದ್ದ ಜಾಗದಲ್ಲೇ ಕೂತು, ತಣ್ಣಗಾದ ರೊಟ್ಟಿ ಎರಡು ಮುರಿದು ತಿಂದಳು. ಚೆನ್ನಾಗಿರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ, ಅದೇ ಇನ್ನಷ್ಟು ಉರಿಸಿತು.

ಎಲ್ಲರೂ ಹೋದ ಮೇಲೆ ಗಂಡ ಸೀದ ಕಾವಲಿ ಉಜ್ಜುತ್ತಾ ಕೇಳಿದ, "ಮೊದಲೇ ಹೇಳ್ಬಾರ್ದಿತ್ತಾ?"

"ನೀವು ಕೇಳಿದ್ರಾ?"

"ನಿನಗೆ ಬರುತ್ತೆ ಅಂದ್ಕೊಂಡಿದ್ದೆ."

"ಅದೇ. ನೀವು ಅಂದ್ಕೊಂಡಿದ್ರಿ."

ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗೆ, ಆ ವಾರವೆಲ್ಲ ಅವನು ಪ್ರತಿಯೊಂದಕ್ಕೂ ಅವಳನ್ನು ಕೇಳಿದ, ಚಹಾಕ್ಕೆ ಎಷ್ಟು ಸಕ್ಕರೆ ಎಂಬುದನ್ನೂ. ಅವಳು ಒಂದಕ್ಕೂ ನೆಟ್ಟಗೆ ಉತ್ತರ ಕೊಡಲಿಲ್ಲ.

ಮುಂದಿನ ವರ್ಷ ಡ್ರೈವರ್ ತಾನೇ ಫೋನ್ ಮಾಡಿ, ಯಾರು ಏನು ತರಬೇಕು ಎಂದು ಕೇಳಿದ.

"ನಾನು ಅನ್ನ ಮಾಡ್ತೀನಿ. ಮಿಕ್ಕಿದ್ದು ನಿಮ್ಮದು" ಎಂದಳು ಸೂಜಿ ಅಕ್ಕ.

ಸಿಹಿ ರೊಟ್ಟಿ ಅಂಗಡಿಯಿಂದ ಬಂತು. ಒಂದು ಚೂರು ಬಾಯಿಗಿಟ್ಟು ಗಂಡ, "ಊರಿನ ರುಚಿ ಇಲ್ಲ" ಎನ್ನಹೊರಟವನು ಅವಳ ಮುಖ ನೋಡಿದ. ಮಾತು ನುಂಗಿ, ಪೂರ್ತಿ ತಿಂದ.